ಹಸಿವಿನ ತಿಂಗಳುಗಳಲ್ಲಿ ಬರುವ ತಪಸ್ಸು ಕಾಲ

ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದ ಸೇವೆಗೆಂದು ಟಾಂಜಾನಿಯಾದ ಮಿಷನ್ ಕೇಂದ್ರಕ್ಕೆ ಹೊರಟಿದ್ದೀರಿ. ಅಲ್ಲಿನ ಬಡವರಿಗಾಗಿ ಉಪವಾಸ ಮತ್ತು ದಾನದ ಎಂಥ ಕಾರ್ಯಕ್ರಮ ಸಿದ್ಧಪಡಿಸಿಕೊಳ್ಳಲಿ ಎಂದು ಕೇಳಿದ್ದೀರಿ. ಯಾವುದನ್ನೂ ಸಿದ್ಧಪಡಿಸಿಕೊಳ್ಳಬೇಡಿ. ನಾನು ಮಂಗಳೂರಿನಿಂದ ಎಲ್ಲವನ್ನೂ ಸಿದ್ಧಪಡಿಸಿಕೊಂಡೇ ಹೋಗಿದ್ದೆ.

ನಾನಿದ್ದದ್ದು ದಕ್ಷಿಣದ ರುವುಮಾ ಪ್ರದೇಶದ ಒಂದು ಹಳ್ಳಿಯಲ್ಲಿ. ಬೆನೆಡಿಕ್ಟೈನ್ ಸನ್ಯಾಸಿಗಳು 1898ರಲ್ಲಿ ಅದೇ ಪ್ರದೇಶದ ಪೆರಮಿಹೊಗೆ ಬಂದು ನೆಲೆಸಿದಂದಿನಿಂದ ಆ ಸೀಮೆ ತಪಸ್ಸು ಕಾಲವನ್ನು ಆಚರಿಸುತ್ತ ಬಂದಿದೆ. ಅಲ್ಲಿ ಮಳೆಗಾಲ ವರ್ಷಕ್ಕೆ ಒಂದೇ: ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಹೊಸ ಮೆಕ್ಕೆಜೋಳ ಕಣಜ ಸೇರಲು ಮೇ ತಿಂಗಳಾದರೂ ಬರಬೇಕು. ಹಳೆಯದು ಫೆಬ್ರುವರಿಯ ಹೊತ್ತಿಗೆ ಅನೇಕ ಮನೆಗಳಲ್ಲಿ ತಳ ಕಂಡಿರುತ್ತದೆ. ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಬರುವುದು ಸರಿಯಾಗಿ ಆಗಲೇ, ಹೊಲದಲ್ಲಿ ಕೆಲಸ ಮೈಮುರಿಯುವ ಹೊತ್ತಿನಲ್ಲಿ. ಧರ್ಮಸಭೆಯ ಕಟ್ಟಳೆಯಂತೆ 18ರಿಂದ 59 ವರ್ಷದವರು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಪೂರ್ಣ ಊಟ ಮಾಡಬೇಕು. ಅಲ್ಲಿ ವಾರಗಟ್ಟಲೆ ಜನ ಬದುಕುವುದೇ ಒಂದು ಹೊತ್ತಿನ ಉಗಾಲಿ (ಮೆಕ್ಕೆಜೋಳದ ಹಿಟ್ಟಿನ ಮುದ್ದೆ) ಮತ್ತು ಕುಂಬಳದ ಸೊಪ್ಪಿನ ಮೇಲೆ.

ನನ್ನ ಯೋಜನೆ ಏನಿತ್ತೆಂದರೆ, ಪ್ರತಿ ಶುಕ್ರವಾರ ಒಂದು ಊಟ ಬಿಟ್ಟು, ಅಷ್ಟು ಹಿಟ್ಟನ್ನು ಬಡವರಿಗಾಗಿ ಚರ್ಚಿಗೆ ತಂದುಕೊಡುವುದು. ಕುಟುಂಬಗಳ ಹೆಸರು ಬರೆದು, ಕೊಟ್ಟವರ ಮುಂದೆ ಗುರುತು ಹಾಕುವ ಪಟ್ಟಿಯನ್ನು ಚರ್ಚಿನ ಬಾಗಿಲ ಪಕ್ಕ ಅಂಟಿಸಿದೆ. ಹಳ್ಳಿಯವರಿಗೆ ಧರ್ಮಬೋಧನೆ ಮಾಡುವ ಉಪದೇಶಿ ಅದನ್ನು ಬಹಳ ಹೊತ್ತು ನೋಡಿ, "ನೋಡೋಣ ಸಿಸ್ಟರ್" ಎಂದರು. ಒಪ್ಪಿದರೆಂದು ತಿಳಿದೆ.

ನಾನು ತಪ್ಪಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕು. ಹಿಟ್ಟು ಕೇಳಿದ್ದನ್ನು ಜನ ಮನ್ನಿಸುತ್ತಿದ್ದರು. ಇದ್ದವರು ಕೊಡುತ್ತಿದ್ದರು, ಇಲ್ಲದವರು ಸುಮ್ಮನಿರುತ್ತಿದ್ದರು. ಸುಮ್ಮನಿರುವ ಆ ದಾರಿಯನ್ನು ಪಟ್ಟಿ ಮುಚ್ಚಿಬಿಟ್ಟಿತು. ನಮ್ಮೂರಿನಲ್ಲಿ ದಾನಿಗಳ ಹೆಸರನ್ನು ಓದಿ ಹೇಳಿದರೆ ಯಾರಿಗೂ ನೋವಾಗುವುದಿಲ್ಲ, ಏಕೆಂದರೆ ಕೊಡದವನ ಮನೆಯಲ್ಲೂ ಅಕ್ಕಿ ಇರುತ್ತದೆ. ಅಲ್ಲಿ ಹೆಸರಿನ ಮುಂದಿನ ಖಾಲಿ ಜಾಗವೆಂದರೆ ಆ ಮನೆಯ ಕಣಜ ಖಾಲಿ ಎಂಬ ಸಾರ್ವಜನಿಕ ಪ್ರಕಟಣೆ. ಅಕ್ಕಪಕ್ಕದವರಿಂದಲೂ ಮರೆಮಾಡಿ ನುಂಗಿಕೊಂಡ ಹಸಿವನ್ನು ನಾನು ಬಾಗಿಲಿಗೆ ಅಂಟಿಸಿದ್ದೆ. ಒಳಗೆ ಹೋಗಲು ಬೇರೆ ಬಾಗಿಲೂ ಇರಲಿಲ್ಲ.

ಈಸ್ಟರ್ ಜಾಗರಣೆಯ ರಾತ್ರಿ ಕ್ರೈಸ್ತ ದೀಕ್ಷೆಯಾದ ಜ್ಞಾನಸ್ನಾನ ಪಡೆಯಲು ಸಿದ್ಧಳಾಗುತ್ತಿದ್ದ ಒಬ್ಬ ವಿಧವೆ ಬರುವುದನ್ನು ನಿಲ್ಲಿಸಿದಳು. ತಪಸ್ಸು ಕಾಲದ ಮೂರು, ನಾಲ್ಕು, ಐದನೆಯ ಭಾನುವಾರಗಳಂದು ದೀಕ್ಷಾರ್ಥಿಗಳಿಗಾಗಿ ನಡೆಯುವ ವಿಶೇಷ ಪ್ರಾರ್ಥನೆಗಳು ಅವಳಿಗೆ ತಪ್ಪಿದವು. ಮನೆಗೆ ಹೋದೆ. ಕೂರಿಸಿದಳು, ಮಕ್ಕಳ ಬಗ್ಗೆ, ಮಳೆಯ ಬಗ್ಗೆ ಮಾತಾಡಿದಳು. ಪಟ್ಟಿಯ ಮಾತನ್ನು ಎತ್ತಲಿಲ್ಲ. ಅದನ್ನು ಅಂದೇ ಕಿತ್ತೆಸೆದೆ. ಅವಳ ಜ್ಞಾನಸ್ನಾನ ಮಾತ್ರ ಮುಂದಿನ ವರ್ಷಕ್ಕೆ ಹೋಯಿತು.

ಅಲ್ಲಿಯ ಜನ ದಾನ ಮಾಡುವುದು ಹೇಗೆಂದು ಆಮೇಲೆ ಕಂಡೆ. ನೆರೆಹೊರೆಯ ಕೆಲವು ಕುಟುಂಬಗಳು ಸೇರಿದರೆ ಒಂದು ಜುಮುಯಿಯಾ. ಪೂರ್ವ ಆಫ್ರಿಕಾದ ಬಿಷಪರು ಈ ಕಿರು ಸಮುದಾಯಗಳನ್ನು 1976ರಲ್ಲಿ ತಮ್ಮ ಮುಖ್ಯ ಕಾರ್ಯವಾಗಿ ಸ್ವೀಕರಿಸಿದರು. ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಶುಭಸಂದೇಶ ಓದುತ್ತಾರೆ. ಓದು ಮುಗಿದ ಮೇಲೆ ಯಾರ ಹೊಲ ಹಿಂದೆ ಬಿದ್ದಿದೆ ಎಂಬ ಮಾತು ಬರುತ್ತದೆ. ಮರುದಿನ ಬಿಸಿಲೇರುವ ಮೊದಲೇ ಗುದ್ದಲಿ ಹಿಡಿದು ಹೋಗಿ, ಕಾಯಿಲೆ ಬಿದ್ದವನ ಹೊಲದ ಕಳೆ ತೆಗೆದು ಬರುತ್ತಾರೆ. ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆದಿಡುವವರಿಲ್ಲ. ಯೇಸುವಿನ ಯಾತನೆಯನ್ನು ನೆನೆಯುವ ಶುಕ್ರವಾರದ ಶಿಲುಬೆಯ ಹಾದಿಯೂ ಮನೆಯಿಂದ ಮನೆಗೆ ಸಾಗುತ್ತದೆ. ಡೋಲುಗಳು ಈಸ್ಟರ್‌ವರೆಗೆ ಮೂಲೆಯಲ್ಲಿರುತ್ತವೆ, ಬರಿಯ ಕೊರಳಿನ ಹಾಡು. ಅಷ್ಟು ಗಾಢವಾದ ಪ್ರಾರ್ಥನೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆದ್ದರಿಂದ "ಬಡವರಿಗಾಗಿ" ಎಂಬ ಮಾತನ್ನು ನಿಮ್ಮ ಪ್ರಶ್ನೆಯಿಂದ ತೆಗೆಯಿರಿ. ಹೋದ ಕೂಡಲೇ ಉಪದೇಶಿಯನ್ನು ಕಾಣಿ. ದೂರದ ಹಳ್ಳಿಗಳಿಗೆ ಗುರುಗಳು ಎಂದೋ ಒಮ್ಮೆ ಬರುತ್ತಾರೆ, ಭಾನುವಾರದ ಪ್ರಾರ್ಥನೆ ನಡೆಸುವವರು ಉಪದೇಶಿಯೇ. ಅವರು "ನೋಡೋಣ" ಎಂದರೆ ಬೇಡವೆಂದು ತಿಳಿಯಿರಿ. ಇಲ್ಲಿಂದ ಹಣ ಒಯ್ದರೆ ಧರ್ಮಕೇಂದ್ರದ ಪಾಲನಾ ಸಮಿತಿಗೆ ಒಪ್ಪಿಸಿ, ಹಂಚಲು ನೀವು ನಿಲ್ಲಬೇಡಿ. ಕೆಸರಿಗೆ ರಬ್ಬರ್ ಬೂಟು ಬೇಕು. ಕಳೆ ತೆಗೆಯಲು ಕರೆದರೆ ಹೋಗಿ. ನಿಮ್ಮ ರಜೆ ಈಸ್ಟರ್‌ಗೇ ಮುಗಿಯುವುದಾದರೆ ಈ ವರ್ಷ ಹೋಗಲೇಬೇಡಿ. ಕೊಯ್ಲಿನವರೆಗೆ ಇರಲು ಸಾಧ್ಯವಾಗುವ ವರ್ಷ ಹೋಗಿ.