ಒಂದು ‘ನ್’ ಹೋಯಿತು, ಜೊತೆಗೆ ಒಂದು ‘ಎಚ್’ ಕೂಡ

ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಪುಸ್ತಕ, ಮೂರರಲ್ಲೂ ಮೂರು ಹೆಸರು ಉಂಟು, ಯಾವುದನ್ನು ತಿದ್ದಿಸುವುದು ಸುಲಭ ಅಂತ ಕೇಳಿದ್ದೀರಿ. ಕಾಸರಗೋಡಿನವರು ಅಂತಲೂ ಬರೆದಿದ್ದೀರಿ. ಬರೆಯದಿದ್ದರೂ ಗೊತ್ತಾಗುತ್ತಿತ್ತು ಮಾರಾಯ್ರೆ. ಆಧಾರಿನಲ್ಲಿ ಹೆಸರಿನ ಕೊನೆಗೆ ಒಂದು ‘ನ್’ ಅಂಟಿಕೊಂಡಿದೆ ಅಂದಿರಲ್ಲ, ಆ ಬಾಲ ನನಗೂ ಇತ್ತು.

ನಾನು ನಾರಾಯಣ ಭಟ್, ಬದಿಯಡ್ಕದ ಕಡೆಯವ. ಮನೆ ಹೆಸರು ಕೋಡಿಮೂಲೆ, ಹಾಗಾಗಿ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ‘ನಾರಾಯಣ ಭಟ್ ಕೆ.’ ಕಾಗದದ ಮೇಲೆ ಮಂಜೇಶ್ವರ ಹೇಗೆ ಮಂಜೇಶ್ವರಂ ಆಗುತ್ತದೋ ಹಾಗೆಯೇ ನಮ್ಮೂರಿನ ನಾರಾಯಣರೆಲ್ಲ ನಾರಾಯಣನ್ ಆಗುತ್ತಾರೆ. ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಮಲಯಾಳ ಬರೆದು ರೂಢಿಯಾದ ಕೈ ‘ಣ’ದಲ್ಲಿ ನಿಲ್ಲುವುದಿಲ್ಲ, ಅಷ್ಟೆ. ನನ್ನ ಪಾಸ್‌ಬುಕ್ಕಿನಲ್ಲೂ ಹಾಗೇ ಆಗಿತ್ತು. ವರ್ಷಗಟ್ಟಲೆ ಅಡಿಕೆ ಮಾರಿದ ದುಡ್ಡು ಆ ನಾರಾಯಣನ್ ಖಾತೆಗೇ ಬಿತ್ತು, ನನಗೆ ಬೇಜಾರೇನೂ ಇರಲಿಲ್ಲ.

2015ರ ಹೊತ್ತಿಗೆ ಗ್ಯಾಸ್ ಸಬ್ಸಿಡಿ ನೇರ ಖಾತೆಗೆ ಬರಲು ಶುರುವಾಗಿತ್ತು. ಆಧಾರ್ ಜೋಡಿಸಲು ಹೋದರೆ ಹೆಸರು ತಾಳೆಯಾಗುವುದಿಲ್ಲ ಅಂದರು. ಆಗ ನಾನು ಎಂತ ಮಾಡಿದೆ? ಸರಿ ಇದ್ದ ಆಧಾರನ್ನು ತಪ್ಪು ಪಾಸ್‌ಬುಕ್ಕಿಗೆ ಹೊಂದಿಸಿದೆ. ಬ್ಯಾಂಕಿನಲ್ಲಿ ಕ್ಯೂ ಇತ್ತು, ಆಧಾರ್ ಕೇಂದ್ರ ಬಸ್‌ಸ್ಟ್ಯಾಂಡಿನ ಎದುರೇ ಇತ್ತು, ಬೇರೆ ಕಾರಣ ಇಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಆಧಾರಿನಲ್ಲಿ ಹೆಸರು ಬದಲಿಸಲು ಜನ್ಮದಲ್ಲಿ ಎರಡೇ ಸಲ ಬಿಡುತ್ತಾರೆ (ಹುಟ್ಟಿದ ತಾರೀಕಿಗೆ ಒಂದೇ ಸಲ), ಅದರಲ್ಲಿ ಒಂದನ್ನು ನಾನು ಹೀಗೆ ಕಳೆದೆ.

ಎರಡನೆಯದನ್ನು ಕಳೆದ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವು ನಾಳೆ ಕೂರಬೇಕಾದದ್ದು ಅದೇ ಕುರ್ಚಿಯಲ್ಲಿ. 2019ರಲ್ಲಿ ಆ ‘ನ್’ ತೆಗೆಸಲು 50 ರೂಪಾಯಿ ಕಟ್ಟಿ ಕೂತೆ. ಇನಿಷಿಯಲ್ ಕೂಡ ಬೇಡ, ಬರೀ ‘ನಾರಾಯಣ ಭಟ್’ ಸಾಕು ಅಂದೆ. ಹುಡುಗಿ ಟೈಪ್ ಮಾಡಿ, ನನ್ನ ಕಡೆಗಿದ್ದ ಪರದೆ ತೋರಿಸಿ, ‘ಚೇಟ್ಟಾ, ಶರಿಯಲ್ಲೇ?’ (ಅಣ್ಣಾ, ಸರಿ ಉಂಟಲ್ಲ?) ಅಂತ ಕೇಳಿದಳು. ಪರದೆಯಲ್ಲಿ ಹೆಸರು ಎರಡು ಸಾಲು, ಮೇಲೆ ಇಂಗ್ಲಿಷ್, ಕೆಳಗೆ ಮಲಯಾಳ. ನಾನು ಕಲಿತದ್ದು ಕನ್ನಡ ಮೀಡಿಯಂ. ಮಲಯಾಳ ಮಾತಾಡುವುದು ನೀರು ಕುಡಿದಷ್ಟು ಸಲೀಸು, ಓದುವುದು ಮಾತ್ರ ಬಸ್ಸಿನ ಬೋರ್ಡಿನಷ್ಟು. ಆದರೆ ನಾಲ್ಕು ವರ್ಷ ನನ್ನನ್ನು ಕಾಡಿದ ಆ ಅಕ್ಷರದ ಗುರುತು ಚೆನ್ನಾಗಿ ಇತ್ತು. ಅವರು ಚಿಲ್ಲಕ್ಷರ ಅನ್ನುತ್ತಾರೆ, ಬಾಲ ಮೇಲಕ್ಕೆತ್ತಿದ ‘ನ’ದ ಹಾಗೆ ಕಾಣುತ್ತದೆ. ಮೂಗು ಪರದೆಗೆ ತಾಗುವಷ್ಟು ಬಗ್ಗಿ, ಕೆಳಗಿನ ಸಾಲಿನಲ್ಲಿ ಆ ಬಾಲವನ್ನು ಹುಡುಕಿದೆ. ಇರಲಿಲ್ಲ. ಸಾಲದ್ದಕ್ಕೆ ‘ಭ’ ಕೂಡ ಸರಿಯಾಗಿ ಮಹಾಪ್ರಾಣವೇ ಆಗಿತ್ತು. ‘ಶರಿ ಶರಿ’ ಅಂತ ಚೀಟಿಗೆ ರುಜು ಹಾಕಿ ಎದ್ದೆ.

ಮೇಲಿನ ಸಾಲು ನೋಡಲೇ ಇಲ್ಲ ನಾನು. ಇಂಗ್ಲಿಷ್ ಬಾರದವನೂ ಅಲ್ಲ. ಇಂಗ್ಲಿಷಿನಲ್ಲಿ ತಪ್ಪಾಗಲಾರದು, ನಮಗೆ ಅನ್ಯಾಯ ಆಗುವುದಿದ್ದರೆ ಅದು ಮಲಯಾಳದಲ್ಲೇ ಅನ್ನುವ ಕಾಸರಗೋಡಿನವರ ಹಳೇ ಗುಮಾನಿ ಉಂಟಲ್ಲ, ಅದು ನನ್ನ ಕತ್ತು ಹಿಡಿದು ಕೆಳಗಿನ ಸಾಲಿಗೆ ಬಗ್ಗಿಸಿತ್ತು. ಮೇಲಿನ ಸಾಲಿನಲ್ಲಿ ಬಿ ಆದ ಮೇಲೆ ಎಚ್ ಇರಲಿಲ್ಲ. ಬಿ, ಎ, ಟಿ. ನಾರಾಯಣ ಬ್ಯಾಟ್! ಬ್ಯಾಂಕಾಗಲಿ ತೆರಿಗೆಯವರಾಗಲಿ ಹೆಸರು ತಾಳೆ ನೋಡುವುದು ಆ ಇಂಗ್ಲಿಷ್ ಸಾಲನ್ನೇ. ಕಾರ್ಡ್ ಬಂದ ದಿನ ಮಗ ಕೇಳಿದ, ‘ಅಪ್ಪಾ, ಹಾಗಾದರೆ ಬಾಲ್ ಯಾರು?’

ನಗಾಡಿ ಬಿಟ್ಟೆವು. 2023ರಲ್ಲಿ ನಗು ನಿಂತಿತು. ಪ್ಯಾನ್ ಅರ್ಜಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎರಡರ ಜಾಗದಲ್ಲೂ ಬರೀ ಇನಿಷಿಯಲ್ ನಡೆಯುವುದಿಲ್ಲ, ಹಾಗಾಗಿ ಅದರಲ್ಲಿ ಹಿಂದೆಯೇ ಮನೆ ಹೆಸರನ್ನು ಬಿಡಿಸಿ ‘ಕೋಡಿಮೂಲೆ ನಾರಾಯಣ ಭಟ್’ ಅಂತ ಮಾಡಿಸಿದ್ದೆ. ಆಧಾರಿಗೆ ಜೋಡಿಸಲು ಜೂನ್ 30 ಕೊನೆಯ ದಿನ. 1000 ರೂಪಾಯಿ ತಡದಂಡ ಕಟ್ಟಿ ಹೋದರೆ ತಾಳೆಯಾಗಲಿಲ್ಲ. ಸಣ್ಣ ವ್ಯತ್ಯಾಸವಾದರೆ ಮೊಬೈಲಿಗೆ ಒಟಿಪಿ ಬಂದು ದಾಟಿಸುತ್ತದೆ, ಒಂದು ಕಡೆ ಕೋಡಿಮೂಲೆ ಇನ್ನೊಂದು ಕಡೆ ಬ್ಯಾಟ್ ಅಂದರೆ ಅದು ತಾನೇ ಎಂತ ಮಾಡೀತು? ಜುಲೈ 1ಕ್ಕೆ ಪ್ಯಾನ್ ನಿಷ್ಕ್ರಿಯ. ಆ ವರ್ಷ ಡಿಪಾಸಿಟ್ಟಿನ ಬಡ್ಡಿ 60,000 ಇತ್ತು, ಬ್ಯಾಂಕಿನವರು ಅದರ ಮೇಲೆ ತೆರಿಗೆ ಅಂತ ಶೇಕಡಾ 10ರ ಬದಲು 20 ಹಿಡಿದರು. 6,000 ಹೋಗುವಲ್ಲಿ 12,000 ಹೋಯಿತು.

ಆಧಾರಿನಲ್ಲಿ ಮೂರನೇ ಸಲ ತಿದ್ದಿಸಬೇಕಾದರೆ ವಲಯ ಕಚೇರಿಗೆ ಮೊರೆ ಹೋಗಬೇಕು. ಕೇರಳದವರಿಗೆ ಆ ಕಚೇರಿ ಇರುವುದು ಎಲ್ಲಿ ಅಂತೀರಿ? ಬೆಂಗಳೂರಿನಲ್ಲಿ! 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಹಾಕಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ವರದಿ ಹೇಳಿದರೂ ಕೆಲಸ ಆಗಲಿಲ್ಲ. ಆಧಾರಿನ ಮಟ್ಟಿಗಾದರೂ ನಾವು ಬೆಂಗಳೂರಿಗೆ ಸೇರಿದ್ದೇವೆ.

ವಿಲೇಜ್ ಆಫೀಸಿನ ‘ವನ್ ಆ್ಯಂಡ್ ದ ಸೇಮ್’ ಸರ್ಟಿಫಿಕೇಟ್ ಕೂಡ ಮಾಡಿಸಿದೆ. ಈ ನಾರಾಯಣನೂ ಆ ನಾರಾಯಣನೂ ಒಬ್ಬನೇ ಅಂತ ಸೀಲು ಹಾಕಿ ಕೊಡುತ್ತಾರೆ. ಅದ್ವೈತಕ್ಕೆ ಶಂಕರಾಚಾರ್ಯರೇ ಆಗಬೇಕೆಂದಿಲ್ಲ, ನಮ್ಮ ವಿಲೇಜ್ ಆಫೀಸರ್ ಸಾಕು. ಮನುಷ್ಯರು ಕೂತ ಕಚೇರಿಗಳಲ್ಲಿ ಅದು ನಡೆಯುತ್ತದೆ, ಕಂಪ್ಯೂಟರಿಗೆ ಮಾತ್ರ ದ್ವೈತವೇ.

ಈಗ ನಿಮ್ಮ ಪ್ರಶ್ನೆ. ಯಾವುದು ಸುಲಭ ಅಂತ ನೋಡುವುದೇ ತಪ್ಪು, ನಾನು ಹಾಳಾದದ್ದು ಸುಲಭದ್ದನ್ನು ಮೊದಲು ಹಿಡಿದು. ಯಾವುದನ್ನು ಅಲ್ಲಾಡಿಸಲು ಅತಿ ಕಷ್ಟವೋ ಅದನ್ನು ಗೂಟ ಅಂತ ತಿಳಿಯಿರಿ, ಉಳಿದದ್ದನ್ನೆಲ್ಲ ಅದಕ್ಕೆ ಕಟ್ಟಿ. ನಿಮಗೆ ಅದು ಎಸ್ಸೆಸ್ಸೆಲ್ಸಿ ಪುಸ್ತಕ. ಆಧಾರಿನಲ್ಲಿ ಇನ್ನೂ ಒಮ್ಮೆಯೂ ಹೆಸರು ಬದಲಿಸಿಲ್ಲ ಅಂದಿದ್ದೀರಿ, ಪುಣ್ಯವಂತರು. ಒಂದು ಅವಕಾಶವನ್ನು ಪುಸ್ತಕದ ಸ್ಪೆಲ್ಲಿಂಗಿಗೆ ಖರ್ಚು ಮಾಡಿ, ಇನ್ನೊಂದು ಪೆಟ್ಟಿಗೆಯಲ್ಲಿರಲಿ. ಪ್ಯಾನ್ ಆಮೇಲೆ, ಅದಕ್ಕೆ ಇಷ್ಟೇ ಸಲ ಅನ್ನುವ ಲೆಕ್ಕ ಇಲ್ಲ. ಪಾಸ್‌ಬುಕ್ ಎಲ್ಲದರ ಕೊನೆಗೆ. ಪೇಟೆಯ ಏಜೆಂಟರಿಗೆ ಕೊಡಲೇ ಅಂತ ಕೇಳಿದ್ದಕ್ಕೆ, ಬೇಡ. ರುಜು ಹಾಕುವ ಮೊದಲು ಇಂಗ್ಲಿಷ್ ಸಾಲನ್ನು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿ. ಹಿಂದೆ ನಿಂತವರು ಬೈದರೆ ಬೈಯಲಿ.

ನನ್ನದು ಎಲ್ಲಿಗೆ ಮುಟ್ಟಿತು ಅಂದರೆ, ಬೆಂಗಳೂರಿಗೆ ಅಲೆಯುವ ಮನಸ್ಸಾಗದೆ, 107 ರೂಪಾಯಿ ಕಟ್ಟಿ ಪ್ಯಾನನ್ನೇ ಆಧಾರಿನ ಹಾಗೆ ಮಾಡಿಸಿದೆ. ಹೊಸ ಕಾರ್ಡ್ ತಂದ ದಿನ ಪೋಸ್ಟ್‌ಮ್ಯಾನ್ ಅಂಗಳದಲ್ಲೇ ನಿಂತು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ‘ಭಟ್ರೇ, ಇದರಲ್ಲಿ ಬ್ಯಾಟ್ ಅಂತ ಉಂಟಲ್ಲ, ನಿಮ್ಮದಾ?’

ನನ್ನದೇ ಅಂತ ರುಜು ಹಾಕಿ ತೆಗೆದುಕೊಂಡೆ. ಈ ಸಲ ಓದಿಯೇ ಹಾಕಿದ್ದು.