ಕೆನಡಾದಲ್ಲಿ ಪಾರ್ಡನ್‌ಗೆ ಐದು ವರ್ಷ ಅಂದರೆ, ಯಾವ ದಿನದಿಂದ ಐದು ವರ್ಷ?

ನಿಮ್ಮ ತಮ್ಮ ಬ್ರಾಂಪ್ಟನ್‌ನಲ್ಲಿದ್ದಾರೆ, ಪಿಆರ್ (ಅಲ್ಲಿ ಕಾಯಂ ವಾಸಿಸುವ ಅನುಮತಿ) ಇದೆ. 2020ರಲ್ಲಿ ಕುಡಿದು ಕಾರು ಓಡಿಸಿದ ಕೇಸ್‌ನಲ್ಲಿ ಶಿಕ್ಷೆಯಾಗಿದೆ. ಐದು ವರ್ಷ ಆಯಿತು, ಈಗ ಪಾರ್ಡನ್‌ಗೆ, ಅಂದರೆ ಆ ಶಿಕ್ಷೆಯ ದಾಖಲೆಯನ್ನು ಬೇರೆ ಕಡೆ ಎತ್ತಿಡಿಸಲು, ಅರ್ಜಿ ಹಾಕಬಹುದಾ, ಏಜೆಂಟ್ ಕೇಳುತ್ತಿರುವ 2,000 ಡಾಲರ್ ಕೊಡಬೇಕಾ ಅಂತ ಕೇಳಿದ್ದೀರಿ. ನಾನು ವಕೀಲನಲ್ಲ. ಅದೇ ತಪ್ಪು ಮಾಡಿ, ಅದೇ ಅರ್ಜಿ ಹಾಕಿ ಹೊರಬಂದವನು. ಅಷ್ಟರ ಮಟ್ಟಿಗೆ ಹೇಳುತ್ತೇನೆ.

ಮೊದಲು ಆ ಐದು ವರ್ಷದ ವಿಷಯ. ಅದು ತೀರ್ಪು ಬಂದ ದಿನದಿಂದ ಶುರುವಾಗುವುದಿಲ್ಲ. ಶಿಕ್ಷೆ ಪೂರ್ತಿ ಮುಗಿದ ದಿನದಿಂದ ಶುರುವಾಗುತ್ತದೆ. ಜೈಲಿದ್ದರೆ ಜೈಲು, ಪ್ರೊಬೇಷನ್ (ಕೋರ್ಟ್ ಹಾಕಿದ ಷರತ್ತುಗಳಡಿ ಹೊರಗಿರುವ ಅವಧಿ) ಇದ್ದರೆ ಪ್ರೊಬೇಷನ್, ದಂಡದ ಕೊನೇ ಡಾಲರ್ ಕೂಡ ಸೇರಿ.

ನಾನು ಎಡವಿದ್ದು ಇಲ್ಲೇ. 2015ರಲ್ಲಿ ಸ್ನೇಹಿತನ ಮನೆ ಊಟ ಮುಗಿಸಿ ಬರುವಾಗ ಸಿಕ್ಕಿಬಿದ್ದೆ. ಕೋರ್ಟ್ 1,000 ಡಾಲರ್ ದಂಡ ಹಾಕಿತು, ಒಂದು ವರ್ಷ ಗಾಡಿ ಮುಟ್ಟುವಂತಿಲ್ಲ ಎಂದಿತು. ಸಾವಿರ ಡಾಲರ್ ಅವತ್ತೇ ಕಟ್ಟಿದೆ. ದಂಡದ ಮೇಲೆ ಶೇ 30ರಷ್ಟು ವಿಕ್ಟಿಮ್ ಸರ್ಚಾರ್ಜ್ (ಅಪರಾಧದಿಂದ ತೊಂದರೆಯಾದವರ ನೆರವಿಗೆ ಹಾಕುವ ಹೆಚ್ಚುವರಿ ಮೊತ್ತ) ಅಂತ ಇನ್ನೂ 300 ಡಾಲರ್ ಇತ್ತು. ಕಾಗದದಲ್ಲಿ ಬರೆದಿತ್ತು, ನಾನೇ ನೋಡಿರಲಿಲ್ಲ. ಅಷ್ಟರಲ್ಲಿ ಮನೆ ಬದಲಾಯಿಸಿದ್ದೆ. ಬಾಕಿ ಇದೆ ಅಂತ ಗೊತ್ತಾಗಿ ಕಟ್ಟಿದ್ದು 2017ರ ಜೂನ್‌ನಲ್ಲಿ. ಐದು ವರ್ಷದ ಲೆಕ್ಕ ಅಲ್ಲಿಂದ ಶುರು! ಮುನ್ನೂರು ಡಾಲರ್‌ಗೆ ಎರಡು ವರ್ಷ ಹೋಯಿತು. ಒಂದೇ ಸಮಾಧಾನ ಅಂದರೆ, 2022ರ ಜನವರಿಯಲ್ಲಿ ಸರ್ಕಾರ ಅರ್ಜಿ ಶುಲ್ಕವನ್ನು 600 ಡಾಲರ್‌ಗೂ ಮೇಲಿದ್ದದ್ದನ್ನು 50ಕ್ಕೆ ಇಳಿಸಿತ್ತು. ತಡವಾಗಿದ್ದರಿಂದ ಬಾಕಿ ಕಟ್ಟಿದ್ದಕ್ಕಿಂತ ಜಾಸ್ತಿಯೇ ಉಳಿಯಿತು, ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇನ್ನೊಂದು, ಐದು ವರ್ಷ ಎಲ್ಲರಿಗೂ ಅಲ್ಲ. ಸಮರಿ (ಸಣ್ಣ ಅಪರಾಧವಾಗಿ ನಡೆಸಿದ) ಕೇಸ್ ಆದರೆ ಐದು, ಇಂಡೈಟಬಲ್ (ದೊಡ್ಡ ಅಪರಾಧವಾಗಿ ನಡೆಸಿದ್ದು) ಆದರೆ ಹತ್ತು. ಕುಡಿದು ಓಡಿಸಿದ ಕೇಸನ್ನು ಸರ್ಕಾರಿ ವಕೀಲರು ಎರಡರಲ್ಲಿ ಹೇಗೆ ಬೇಕಾದರೂ ನಡೆಸಬಹುದು. ಯಾರಿಗೂ ಗಾಯವಾಗದ ಮೊದಲ ಸಲದ ಕೇಸ್ ಸಾಮಾನ್ಯವಾಗಿ ಸಮರಿಯೇ. ಆದರೂ ಊಹೆ ಬೇಡ, ಕೋರ್ಟ್ ಕಾಗದ ನೋಡಿ. (2012ರ ಮಾರ್ಚ್ 13ಕ್ಕಿಂತ ಹಿಂದಿನ ತಪ್ಪುಗಳಿಗೆ ಲೆಕ್ಕ ಬೇರೆ, ನಿಮಗೆ ಅದು ಬೇಡ.)

ಈಗ ನೀವು ಕೇಳದೇ ಇರುವ, ಆದರೆ ನನಗೆ ಜಾಸ್ತಿ ಚಿಂತೆಯಾದ ವಿಷಯ. ನಿಮ್ಮ ತಮ್ಮ ಇನ್ನೂ ಪೌರತ್ವ ತೆಗೆದುಕೊಂಡಿಲ್ಲ. 2018ರ ಡಿಸೆಂಬರ್ 18ರಿಂದ ಈ ತಪ್ಪಿಗೆ ಗರಿಷ್ಠ ಶಿಕ್ಷೆ ಹತ್ತು ವರ್ಷ. ಅದಕ್ಕೆ ಮೊದಲು ಐದಿತ್ತು, ನಾನು ಹಾಗೆ ಬಚಾವಾದೆ. ಹತ್ತಾದ ಮೇಲೆ ವಲಸೆ ಕಾನೂನು ಇದನ್ನು ಗಂಭೀರ ಅಪರಾಧದ ಸಾಲಿಗೆ ಸೇರಿಸುತ್ತದೆ. ಕೋರ್ಟ್‌ನಲ್ಲಿ ಬರೀ ದಂಡ ಹಾಕಿ ಬಿಟ್ಟಿದ್ದರೂ ಸರಿ, ಸಮರಿಯಾಗಿ ನಡೆದಿದ್ದರೂ ಸರಿ, ಪಿಆರ್‌ಗೆ ಕುತ್ತು ಬರಬಹುದು. ಪಾರ್ಡನ್ ಸಿಕ್ಕಿದರೆ ಆ ಶಿಕ್ಷೆಯನ್ನೇ ಕಾರಣ ಮಾಡಿಕೊಂಡು ದೇಶ ಬಿಡಿಸುವಂತಿಲ್ಲ. ಹಾಗಾಗಿ ಅವರಿಗೆ ಇದು ಬರೀ ಕೆಲಸದ ಬ್ಯಾಕ್‌ಗ್ರೌಂಡ್ ಚೆಕ್‌ನ ಮಾತಲ್ಲ. ಊರಿಗೆ ಬರಲು ಟಿಕೆಟ್ ಮಾಡಿಸುವ ಮೊದಲು, ಪಿಆರ್ ಕಾರ್ಡ್ ನವೀಕರಿಸುವ ಮೊದಲು, ವಲಸೆ ವಕೀಲರೊಬ್ಬರನ್ನು ನೋಡಲಿ. ದುಡ್ಡು ಖರ್ಚು ಮಾಡುವುದಾದರೆ ಅಲ್ಲಿ ಮಾಡಿ.

ಏಜೆಂಟ್‌ಗೆ ಬೇಡ. ಅರ್ಜಿ ಹೋಗುವುದು ಪೆರೋಲ್ ಬೋರ್ಡ್‌ಗೆ (ಪಾರ್ಡನ್ ಕೊಡುವ ಸರ್ಕಾರಿ ಮಂಡಳಿ), ನಾವೇ ಹಾಕಬಹುದು. ಮೊದಲು ಬೆರಳಚ್ಚು ಕೊಟ್ಟು ಆರ್‌ಸಿಎಂಪಿಯಿಂದ (ಕೆನಡಾದ ಕೇಂದ್ರ ಪೊಲೀಸ್) ಕ್ರಿಮಿನಲ್ ರೆಕಾರ್ಡ್ ತರಿಸಬೇಕು. ಆಮೇಲೆ ಶಿಕ್ಷೆ ಕೊಟ್ಟ ಕೋರ್ಟ್‌ನಿಂದ ಮಾಹಿತಿ ಫಾರಂ, ಕಳೆದ ಐದು ವರ್ಷ ವಾಸವಿದ್ದ ಪ್ರತಿ ಊರಿನ ಪೊಲೀಸರಿಂದ ತಪಾಸಣೆ ಪತ್ರ. ನಾನು ಮೂರು ಊರು ಸುತ್ತಿದ್ದೆ, ಅದೇ ತಲೆನೋವು. ಇವಕ್ಕೆಲ್ಲ ಬೇರೆ ಬೇರೆ ಶುಲ್ಕ ಇದೆ, ಆದರೂ 2,000ದ ಹತ್ತಿರ ಹೋಗುವುದಿಲ್ಲ. ದುಡ್ಡು ಕೊಟ್ಟರೆ ಬೇಗ ಸಿಗುತ್ತದೆ ಅನ್ನುವುದು ಸುಳ್ಳು. ಅರ್ಜಿ ಒಪ್ಪಿಕೊಂಡ ಮೇಲೆ ಸಮರಿ ಕೇಸ್‌ಗೆ ಬೋರ್ಡ್ ಇಟ್ಟುಕೊಂಡಿರುವ ಗಡುವು ಆರು ತಿಂಗಳು. ಅಷ್ಟರಲ್ಲಿ ನಡತೆ ಸರಿಯಿದೆಯಾ ಅಂತ ನೋಡುತ್ತಾರೆ. ಹೊಸ ಕೇಸ್ ಏನೂ ಇರಬಾರದು.

ಪಾರ್ಡನ್ ಅಂದಾಗ ನಮ್ಮ ಅಮ್ಮ ರಾಷ್ಟ್ರಪತಿಗಳ ಕ್ಷಮಾದಾನ ಅಂದುಕೊಂಡಿದ್ದರು. ಹಾಗಲ್ಲ. 2012ರಿಂದ ಇದರ ಹೆಸರೇ ರೆಕಾರ್ಡ್ ಸಸ್ಪೆನ್ಷನ್. ದಾಖಲೆ ಅಳಿಸಿ ಹಾಕುವುದಿಲ್ಲ, ಬೇರೆ ಕಡೆ ಎತ್ತಿಡುತ್ತಾರೆ, ಕೆಲಸ ಕೊಡುವವರ ತಪಾಸಣೆಯಲ್ಲಿ ಕಾಣುವುದಿಲ್ಲ ಅಷ್ಟೇ. ಮತ್ತೆ ತಪ್ಪು ಮಾಡಿದರೆ ವಾಪಸ್ ಕಿತ್ತುಕೊಳ್ಳುತ್ತಾರೆ. ಅಮೆರಿಕದ ಗಡಿಯವರಂತೂ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಅವರ ಕಂಪ್ಯೂಟರ್‌ಗೆ ಹಳೇ ದಾಖಲೆ ಮೊದಲೇ ಹೋಗಿದ್ದರೆ ಅದು ಅಲ್ಲೇ ಇರುತ್ತದೆ. ಅದು ಗೊತ್ತಿರುವುದರಿಂದಲೇ ನಾಯಾಗರಾದಲ್ಲಿ ಸೇತುವೆ ದಾಟಿ ಅಮೆರಿಕಕ್ಕೆ ಹೋಗಲು ಇವತ್ತಿಗೂ ನನಗೆ ಮನಸ್ಸಾಗಿಲ್ಲ.

ಸದ್ಯಕ್ಕೆ ಒಂದು ಕೆಲಸ ಮಾಡಿಸಿ. ತಮ್ಮ ಆ ಕೋರ್ಟ್‌ಗೇ ಫೋನ್ ಮಾಡಿ ಎರಡು ಪ್ರಶ್ನೆ ಕೇಳಲಿ: ಕೇಸ್ ಸಮರಿಯಾ, ಮತ್ತೆ ದಂಡ, ಸರ್ಚಾರ್ಜ್ ಎಲ್ಲ ತೀರಿದ ತಾರೀಖು ಯಾವುದು. ಬಾಯಿಮಾತು ಸಾಲದು, ಬರಹದಲ್ಲಿ ತೆಗೆದುಕೊಳ್ಳಲಿ. ಆ ತಾರೀಖು ಸಿಕ್ಕಿದ ಮೇಲೆ ಇಲ್ಲೇ ಬರೆಯಿರಿ, ಲೆಕ್ಕ ಹಾಕೋಣ.