ಬಾಟಲಿಯ ಬಣ್ಣ, ಬಿಸಿಲಿನ ಬಣ್ಣ

ಪ್ರಶ್ನೆ: ಮಾನ್ಯ ಡಾಕ್ಟರಿಗೆ ನಮಸ್ಕಾರಗಳು. ನಾವು ಟೊಮೆಟೊ ಬೆಳೆಗಾರರು. ದಿನವಿಡೀ ತೋಟದಲ್ಲಿ ದುಡಿಯುವುದರಿಂದ ನನ್ನ ಮುಖವೆಲ್ಲ ಟ್ಯಾನ್ ಆಗಿದೆ, ಕೆನ್ನೆಯ ಮೇಲೆ ಬಂಗು ಬಂದಿದೆ. ಇಂಗ್ಲೆಂಡಿನಲ್ಲಿ ಓದುತ್ತಿರುವ ಮಗ ರಜೆಗೆ ಬಂದಾಗ ‘ಟ್ಯಾನ್ ಲೋಷನ್’ ಎಂದು ಒಂದು ಬಾಟಲಿ ತಂದುಕೊಟ್ಟ. ತಂಗಿಯ ಮಗಳ ನಿಶ್ಚಿತಾರ್ಥದ ಹಿಂದಿನ ರಾತ್ರಿ ಅದನ್ನು ಮುಖಕ್ಕೂ ಕೈಗಳಿಗೂ ಹಚ್ಚಿಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ಮುಖ ಇನ್ನಷ್ಟು ಕಂದಾಗಿತ್ತು, ಅಂಗೈಗಳು ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ. ನನ್ನ ಚರ್ಮ ಕೆಟ್ಟಿತೇ? ಆ ದೇಶಗಳಲ್ಲಿ ಬೇಕೆಂದೇ ಕಪ್ಪಾಗುತ್ತಾರೆ, ಅದಕ್ಕೆ ಯಂತ್ರಗಳೂ ಇವೆ ಎಂದು ಮಗ ಹೇಳುತ್ತಾನೆ. ಅದು ಸುರಕ್ಷಿತವೇ? ಉಳಿದ ಲೋಷನ್ನನ್ನು ನಮ್ಮ ಯಜಮಾನರು ಬಿಸಿಲಿಗೆ ಹಚ್ಚಿಕೊಳ್ಳಬಹುದೇ? ಅವರ ಕತ್ತು ಮತ್ತು ಮೊಣಕೈಯ ಮಡಿಕೆ ಕಪ್ಪಾಗಿ ತುರಿಸುತ್ತಿವೆ.
– ಓದುಗರೊಬ್ಬರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ನಿಮ್ಮ ಚರ್ಮ ಕೆಟ್ಟಿಲ್ಲ. ನಮ್ಮಲ್ಲಿ ಟ್ಯಾನ್ ಎಂದರೆ ಪಾರ್ಲರಿನಲ್ಲಿ ಹಣ ಕೊಟ್ಟು ತೆಗೆಸಿಕೊಳ್ಳುವ ವಸ್ತು. ಅಲ್ಲಿ ಅದು ಹಣ ಕೊಟ್ಟು ಕೊಳ್ಳುವ ವಸ್ತು. ಒಂದೇ ಮಾತಿಗೆ ಎರಡು ಊರಿನಲ್ಲಿ ಎರಡು ಆಸೆಗಳು ಅಂಟಿಕೊಂಡಿರುವಾಗ ನಿಮ್ಮ ಮಗನನ್ನು ಗದರಿ ಫಲವಿಲ್ಲ.

ಇಂಥ ಲೋಷನ್ನುಗಳಲ್ಲಿ ಬಣ್ಣ ತರುವುದು ಡೈಹೈಡ್ರಾಕ್ಸಿಅಸಿಟೋನ್ ಎಂಬ ಒಂದು ಬಗೆಯ ಸಕ್ಕರೆ. ಅದು ಚರ್ಮದ ಮೇಲ್ಪದರದ ಸತ್ತ ಕೋಶಗಳಲ್ಲಿರುವ ಅಮೈನೊ ಆಮ್ಲಗಳ ಜೊತೆ ಸೇರಿ ಕಂದು ಬಣ್ಣವಾಗುತ್ತದೆ. ಹೆಂಚಿನ ಮೇಲೆ ರೊಟ್ಟಿ ಕೆಂಪಾಗುವುದೂ ಇದೇ ಜಾತಿಯ ಕ್ರಿಯೆಯಿಂದ. ಮದರಂಗಿಯ ಹಾಗೆ ಇದೂ ಸತ್ತ ಪದರಕ್ಕೆ ಹಿಡಿಯುವ ಬಣ್ಣವಾದ್ದರಿಂದ, ಆ ಪದರ ದಪ್ಪಗಿರುವ ಅಂಗೈಯಲ್ಲಿ ಗಾಢವಾಗಿ ಕೂರುತ್ತದೆ. ಬಿಸಿಲಿನಲ್ಲಿ ಎಷ್ಟು ದುಡಿದರೂ ಯಾರ ಅಂಗೈಯೂ ಹೀಗೆ ಕಪ್ಪಾಗುವುದಿಲ್ಲ, ಆದ್ದರಿಂದ ಬಾಟಲಿಯ ಬಣ್ಣವನ್ನು ಮೊದಲು ಬಯಲು ಮಾಡುವುದು ಅಂಗೈಯೇ. ಸತ್ತ ಕೋಶಗಳು ಉದುರುತ್ತಾ ಸುಮಾರು ಒಂದು ವಾರದಲ್ಲಿ ಅದು ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಕೊಬ್ಬರಿ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಕಡಲೆಹಿಟ್ಟಿನಿಂದ ಮೃದುವಾಗಿ ತೊಳೆದರೆ ಸಾಕು. ನಿಂಬೆಹಣ್ಣು ಮಾತ್ರ ಬೇಡ. ಅದರ ರಸ ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಬೊಬ್ಬೆ ಎದ್ದು ಕಲೆ ಉಳಿಯಬಹುದು.

ಬಾಹ್ಯ ಲೇಪನವಾಗಿ ಈ ವಸ್ತು ಬಹುಮಟ್ಟಿಗೆ ನಿರಪಾಯಕಾರಿ. ಕೆಲವರಿಗೆ ಅದರಿಂದಲೋ ಅದರ ಜೊತೆಗಿರುವ ಸುಗಂಧದಿಂದಲೋ ಅಲರ್ಜಿಯಾಗಬಹುದು, ಮತ್ತು ಕಣ್ಣು, ತುಟಿಗೆ ತಾಗಬಾರದು. ಅಂಗಡಿಗಳಲ್ಲಿ ಸಿಂಪಡಿಸಿಕೊಳ್ಳುವವರು ಅದನ್ನು ಉಸಿರಾಡದಂತೆಯೂ ನೋಡಿಕೊಳ್ಳಬೇಕು.

ಬಿಸಿಲಿನಿಂದ ಬರುವ ಕಪ್ಪಿನ ಕಥೆ ಬೇರೆ. ನೇರಳಾತೀತ ಕಿರಣಗಳು ಜೀವಂತ ಕೋಶಗಳ ಡಿಎನ್‌ಎಗೆ ಪೆಟ್ಟು ಕೊಟ್ಟಾಗ, ಇನ್ನಷ್ಟು ಪೆಟ್ಟು ಬೀಳದಂತೆ ಚರ್ಮ ಮೆಲನಿನ್ ಎಂಬ ಕೊಡೆಯನ್ನು ಬಿಚ್ಚುತ್ತದೆ; ನಾವು ಟ್ಯಾನ್ ಎನ್ನುವುದು ಅದನ್ನೇ. ಹಾಗಾಗಿ ಪೆಟ್ಟಿಲ್ಲದ ಟ್ಯಾನ್ ಎಂಬುದಿಲ್ಲ. ನಿಮ್ಮ ಮಗ ಹೇಳಿದ ಯಂತ್ರಗಳು ಇದೇ ಕಿರಣಗಳನ್ನು ದೀಪಗಳ ಮೂಲಕ ಮೈಗೆ ಹಾಯಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2009ರಲ್ಲಿ ಅವುಗಳನ್ನು ತಂಬಾಕು ಇರುವ ಮೊದಲ ಗುಂಪಿಗೇ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ, ಸೇರಿಸಿತು. ಅದೇ ವರ್ಷ ಬ್ರೆಜಿಲ್ ಸೌಂದರ್ಯಕ್ಕಾಗಿ ಅವನ್ನು ಬಳಸುವುದನ್ನು ನಿಷೇಧಿಸಿತು, ಮತ್ತು ಇಂಗ್ಲೆಂಡಿನಲ್ಲಿಯೂ 18 ವರ್ಷದೊಳಗಿನವರನ್ನು ಅದರಲ್ಲಿ ಮಲಗಿಸುವಂತಿಲ್ಲ. ನಮ್ಮ ಕಂದು ಚರ್ಮದಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ. ನಮಗೆ ಬಿಸಿಲು ಹೆಚ್ಚಾಗಿ ಕೊಡುವ ಕಾಟ ಬಂಗು, ಸುಕ್ಕು ಮತ್ತು ಕಲೆ. ಇನ್ನೊಂದು ಮಾತು: ಸೆಖೆಯನ್ನು ನೋಡಿ ಕಿರಣಗಳನ್ನು ಅಳೆಯಲಾಗದು. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ, ನಂದಿಬೆಟ್ಟ 1478 ಮೀಟರ್. ಎತ್ತರ ಏರಿದಂತೆ ತಂಗಾಳಿಯ ಜೊತೆಗೆ ಕಿರಣಗಳೂ ಹೆಚ್ಚುತ್ತವೆ.

ನಿಮ್ಮ ಬಂಗಿಗೆ, ಬಿಸಿಲಿನ ತಡೆಯ ಅಳತೆಯಾದ ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ, ಕಂದು ಬಣ್ಣ ಬೆರೆತಿರುವ ಸನ್‌ಸ್ಕ್ರೀನ್ ಕೊಳ್ಳಿರಿ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ, ಆ ಬೆಳಕನ್ನು ತಡೆಯುವುದು ಅದರಲ್ಲಿರುವ ಐರನ್ ಆಕ್ಸೈಡ್. ಎರಡು ಬೆರಳುದ್ದ ಹಿಂಡಿ ಮುಖಕ್ಕೂ ಕುತ್ತಿಗೆಗೂ ಹಚ್ಚಿ, ಹೊರಗಿರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮೆಡಿಕಲ್ ಸ್ಟೋರಿನವರು ‘ಬಂಗಿಗೆ ಒಳ್ಳೆಯದು’ ಎಂದು ಚೀಟಿಯಿಲ್ಲದೆ ಕೊಡುವ ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುವುದುಂಟು. ಮೊದಲ ವಾರ ಮುಖ ಬೆಳ್ಳಗೆ ಕಂಡರೂ ಆಮೇಲೆ ಚರ್ಮ ತೆಳುವಾಗಿ, ಉರಿದು, ಮೊಡವೆ ಏಳುತ್ತದೆ. ನಾನು ದಿನವೂ ನೋಡುವ ಮುಖಗಳಲ್ಲಿ ಬಿಸಿಲಿಗಿಂತ ಇಂಥ ಟ್ಯೂಬು ಕೆಡಿಸಿದವೇ ನನಗೆ ಹೆಚ್ಚು ಬೇಸರ ತರಿಸುತ್ತವೆ.

ಯಜಮಾನರಿಗೆ ಆ ಲೋಷನ್ ಬೇಡ. ಅದು ಬಣ್ಣ ಕೊಡುತ್ತದೆಯೇ ಹೊರತು ಬಿಸಿಲನ್ನು ತಡೆಯುವುದಿಲ್ಲ. ಅಲ್ಲದೆ ಅವರದು ಬರಿಯ ಟ್ಯಾನ್ ಎಂದು ನನಗೆ ಅನ್ನಿಸುತ್ತಿಲ್ಲ, ಏಕೆಂದರೆ ಟ್ಯಾನ್ ತುರಿಸುವುದಿಲ್ಲ, ಮೊಣಕೈಯ ಮಡಿಕೆಗೆ ಅಷ್ಟಾಗಿ ಬಿಸಿಲೂ ಬೀಳುವುದಿಲ್ಲ. ಬದುವಿನ ಮೇಲೆ ಬಿಳಿ ಹೂ ಬಿಟ್ಟು ನಿಲ್ಲುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಪುಡಿ ಗಾಳಿಯಲ್ಲಿ ತೂರಿ ಬಂದು ಕಣ್ಣಿನ ರೆಪ್ಪೆ, ಕತ್ತು ಮತ್ತು ಮೊಣಕೈಯ ಮಡಿಕೆಗಳಲ್ಲಿ ಕೂತು ಹೀಗೆಯೇ ಚರ್ಮವನ್ನು ಕಪ್ಪಾಗಿಸಿ ಒರಟು ಮಾಡುತ್ತದೆ. ಅವರನ್ನು ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ, ಅಲರ್ಜಿ ಯಾವುದರಿಂದ ಎಂದು ಚರ್ಮಕ್ಕೆ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆ ಬೇಕೇ ಎಂದು ಕೇಳಿರಿ. ಅಲ್ಲಿಯವರೆಗೆ ಆ ಗಿಡ ಕೀಳುವ ಕೆಲಸವನ್ನು ಬೇರೆಯವರಿಗೆ ವಹಿಸಿ, ಯಜಮಾನರು ತುಂಬುತೋಳಿನ ಅಂಗಿ ತೊಡಲಿ, ತೋಟದಿಂದ ಬಂದ ಕೂಡಲೇ ಸ್ನಾನ ಮಾಡಲಿ, ಮತ್ತು ಅವರ ಬಟ್ಟೆಗಳನ್ನು ಒಣಹಾಕುವುದು ಬದುವಿನ ಕಡೆಗಲ್ಲದೆ ಮನೆಯ ಒಳಗಡೆಗಿರಲಿ.